ಮೇಷ್ಟ್ರ ಮನೆಯಲ್ಲಿ ಮಿಲ್ಟನ್

"ಅಜ್ಜ, ಮಿಲ್ಟನ್ ಅಂದರೆ ನೀರಿನ ಬಾಟಲಿ ಅಲ್ಲವೇ?" ಎಂದು ಹುಡುಗಿ ಕೇಳಿದಾಗ ನಾವು ಐವರೂ ನಕ್ಕೆವು. ಮೇಷ್ಟ್ರು ನಗಲಿಲ್ಲ. ಆಕೆ ಓದುತ್ತಿದ್ದುದು ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ'. ಅದರ ಮೊದಲ ಸಂಚಿಕೆಯಲ್ಲಿ ಕವಿಯು ಲೋಕದ ಹಿರಿಯ ಕವಿಗಳಿಗೆಲ್ಲ ನಮಸ್ಕರಿಸುವ ಭಾಗವೊಂದಿದೆ. ಹೋಮರ್, ವರ್ಜಿಲ್, ಡಾಂಟೆ, ಮಿಲ್ಟನ್, ನಾರಣಪ್ಪ, ಪಂಪ, ಫಿರ್ದೂಸಿ, ಕಂಬ, ಅರವಿಂದ ಎಂದು ಸಾಗುವ ಆ ಹೆಸರುಗಳ ಸಾಲಿನಲ್ಲಿ ಆ ಮಗುವಿಗೆ ಪರಿಚಿತವಾಗಿದ್ದ ಹೆಸರು ಅದೊಂದೇ. ಎದುರಿನ ಮೇಜಿನ ಮೇಲೆ ಅವಳ ಶಾಲೆಯ ಬಾಟಲಿಯೂ ಇತ್ತು. ಅದರ ಮೇಲೆ ಆ ಹೆಸರೂ ಇತ್ತು. ಅದೇ ಸಾಲಿನಲ್ಲಿ 'ಮೇಣ್' ಎಂಬ ಮಾತು ಬಂದಾಗ ಆಕೆ ಮರಾಠಿಯ ಮೇಣವನ್ನು, ಎಂದರೆ ಮೇಣಬತ್ತಿಯ ಮೇಣವನ್ನು ನೆನೆದಳೆಂದೂ ಆಮೇಲೆ ತಿಳಿಯಿತು. ಹೋಮರನಿಗೂ ಮಿಲ್ಟನ್‌ನಿಗೂ ನಡುವೆ ಮೇಣ ಏಕೆ ಎಂದು ಅವಳಿಗೆ ಅರ್ಥವಾಗಿರಲಿಲ್ಲ. ಕೇಳಬೇಕೆಂದೂ ಅನ್ನಿಸಿರಲಿಲ್ಲ, ಅರ್ಥವಾಗದ್ದು ಅದೊಂದೇ ಆಗಿದ್ದರಲ್ಲವೇ ಕೇಳುವುದು?

"ಮುಂದಿನ ತಿಂಗಳಿಂದ ಮಿಲ್ಟನ್" ಎಂದರು ಮೇಷ್ಟ್ರು. ನಮ್ಮ ಕೂಟದಲ್ಲಿ ವಿಷಯ ನಿಶ್ಚಯವಾಗುವ ಕ್ರಮ ಹೀಗೆಯೇ.

ಕಲ್ಯಾಣದಿಂದ ಕರ್ಜತ್ ಕಡೆಗೆ ಹೊರಟ ಲೋಕಲ್ ಗಾಡಿ ಮೊದಲು ನಿಲ್ಲುವ ನಿಲ್ದಾಣ ವಿಠ್ಠಲವಾಡಿ. ಕಲ್ಯಾಣ ಮುಗಿದು ಉಲ್ಹಾಸನಗರ ತೊಡಗುವ ಹೊಸ್ತಿಲು ಅದು. ಪಕ್ಕದಲ್ಲಿ ವಾಲಧುನಿ ಹರಿಯುತ್ತದೆ. ಅದನ್ನು ನದಿ ಎಂದು ಕರೆಯಲು ಈಗ ಸ್ವಲ್ಪ ಧೈರ್ಯ ಬೇಕು. ಊರಿನ ಹೆಸರಿನಲ್ಲಿರುವ ವಿಠ್ಠಲನನ್ನು ಜ್ಞಾನೇಶ್ವರರು ಕನ್ನಡದವನೆಂದು ಕರೆದರೆಂಬುದನ್ನು ಮೇಷ್ಟ್ರು ಹೊಸದಾಗಿ ಬಂದವರಿಗೆಲ್ಲ ಹೇಳುತ್ತಾರೆ. ಅದರಿಂದ ನಮಗೆ ಇಲ್ಲಿ ಯಾವ ಹಕ್ಕೂ ದೊರೆತಿಲ್ಲ, ಆದರೆ ಕೇಳಲು ಹಿತವಾಗಿರುತ್ತದೆ. ತಿಂಗಳ ಎರಡನೆಯ ಮತ್ತು ನಾಲ್ಕನೆಯ ಭಾನುವಾರ ನಾವು ಐದಾರು ಮಂದಿ ಅವರ ಎರಡು ಕೋಣೆಗಳ ಮನೆಯಲ್ಲಿ ಸೇರುತ್ತೇವೆ. ಮೇಷ್ಟ್ರು ಗದಗಿನ ಸೀಮೆಯವರು. ಮುಂಬಯಿಯ ಕನ್ನಡ ರಾತ್ರಿಶಾಲೆಯೊಂದರಲ್ಲಿ, ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ತೊಳೆದು ಬಂದ ಹುಡುಗರಿಗೆ ಇಂಗ್ಲಿಷ್ ಕಲಿಸಿದವರು. ಕುರುಡುತನವನ್ನು ಕುರಿತ ಮಿಲ್ಟನ್‌ನ ಸಾನೆಟ್ಟನ್ನು ಆ ನಿದ್ದೆಗಣ್ಣಿನ ಹುಡುಗರಿಗೆ ವರ್ಷ ವರ್ಷವೂ ಪಾಠ ಮಾಡಿದ್ದರಂತೆ. ಈಗ ಆರು ವರ್ಷಗಳಿಂದ ಅವರಿಗೇ ಕಣ್ಣು ಕಾಣುವುದಿಲ್ಲ.

ಆ ಕಣ್ಣಿನ ವಿಷಯದಲ್ಲಿ ನಮ್ಮದೊಂದು ತಪ್ಪು ಉಂಟು. ಅದನ್ನು ಬರೆಯದೆ ಮಿಲ್ಟನ್‌ನ ಕಥೆಗೆ ಹೋಗಲಾರೆವು. ಒಂದು ಮಳೆಗಾಲದ ಸಂಜೆ ಅವರನ್ನು ಡೊಂಬಿವಲಿಯ ಕಾರ್ಯಕ್ರಮವೊಂದರಿಂದ ಕರೆದುಕೊಂಡು ಬಂದು ವಿಠ್ಠಲವಾಡಿಯಲ್ಲಿ ಇಳಿದಾಗ, ಪ್ಲಾಟ್‌ಫಾರಂ ದೀಪದತ್ತ ನೋಡಿ, "ದೀಪದ ಸುತ್ತ ಕಾಮನಬಿಲ್ಲು ಕಟ್ಟಿದೆ ನೋಡಿ" ಎಂದರು. ನಮ್ಮಲ್ಲೊಬ್ಬರು "ಆಹಾ" ಎಂದರು. ಮತ್ತೊಬ್ಬರು ಅದನ್ನು ಬರೆದಿಟ್ಟುಕೊಂಡರು. ನಾಲ್ಕಾರು ತಿಂಗಳು ಅವರು ಆ ಕಾಮನಬಿಲ್ಲಿನ ಮಾತನ್ನು ಆಡುತ್ತಲೇ ಇದ್ದರು. ನಾವು ಅದನ್ನು ಉಪಮೆ ಎಂದೇ ಆಸ್ವಾದಿಸಿದೆವು. ಕಣ್ಣಿನೊಳಗಿನ ಒತ್ತಡ ಏರಿದಾಗ ದೀಪದ ಸುತ್ತ ಬಣ್ಣದ ಬಳೆ ಕಾಣುವುದುಂಟೆಂದು ನಾವು ತಿಳಿದುಕೊಂಡದ್ದು ಎಲ್ಲ ಮುಗಿದ ಮೇಲೆ.

ಈ ಸಲ ಮಿಲ್ಟನ್‌ನ ಕುರಿತು ಓದಲು ಕುಳಿತಾಗ ನಮ್ಮ ಕಣ್ಣಿಗೆ ಮೊದಲು ಬಿದ್ದದ್ದು 1654ರಲ್ಲಿ ಅವನು ಅಥೆನ್ಸಿನ ಗೆಳೆಯ ಫಿಲಾರಸ್‌ಗೆ ಬರೆದ ಪತ್ರ. ತನ್ನ ದೃಷ್ಟಿ ಹೇಗೆ ಕುಂದುತ್ತ ಬಂದಿತೆಂಬುದನ್ನು ಅವನು ಅದರಲ್ಲಿ ವೈದ್ಯನಿಗೆ ಹೇಳುವಂತೆ ಕ್ರಮವಾಗಿ ಹೇಳುತ್ತಾನೆ. ದೀಪವನ್ನು ನೋಡಿದರೆ ಅದರ ಸುತ್ತ ಕಾಮನಬಿಲ್ಲಿನಂಥದೊಂದು ಕಾಣುತ್ತಿತ್ತು. ಆಮೇಲೆ ಎಡಗಣ್ಣಿನ ಎಡಬದಿಯಿಂದ ಮಂಜು ಮುಸುಕತೊಡಗಿತು. ಮಲಗಿ ಕಣ್ಣು ಮುಚ್ಚಿದರೆ ಒಳಗಿನಿಂದ ಬೆಳಕು ಚಿಮ್ಮುತ್ತಿತ್ತು. ಈ ಪತ್ರವನ್ನು ಮೇಷ್ಟ್ರ ಮುಂದೆ ಓದುವುದೇ ಬೇಡವೇ ಎಂದು ನಾವು ಫೋನಿನಲ್ಲಿ ಬಹಳ ಚರ್ಚಿಸಿದೆವು. ಕೊನೆಗೆ ಓದಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನ ಗೆಳೆಯರು ಚಪ್ಪಾಳೆ ತಟ್ಟಲಿಲ್ಲವೆಂದು ತೋರುತ್ತದೆ" ಎಂದರು. ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ.

ಜಾನ್ ಮಿಲ್ಟನ್ ಹುಟ್ಟಿದ್ದು 1608ರ ಡಿಸೆಂಬರ್ 9ರಂದು, ಲಂಡನ್ನಿನ ಬ್ರೆಡ್ ಸ್ಟ್ರೀಟಿನಲ್ಲಿ. ತಂದೆ ದಸ್ತಾವೇಜು ಬರೆಯುವ ಮತ್ತು ಹಣದ ವ್ಯವಹಾರ ನೋಡಿಕೊಳ್ಳುವ ವೃತ್ತಿಯವನು, ಜೊತೆಗೆ ಸಂಗೀತ ರಚಿಸಬಲ್ಲವನು. ಮಗ ಹನ್ನೆರಡನೆಯ ವಯಸ್ಸಿನಿಂದಲೇ ನಡುರಾತ್ರಿಯವರೆಗೆ ಓದುತ್ತಿದ್ದನಂತೆ. ಕೇಂಬ್ರಿಜ್ಜಿನ ಕ್ರೈಸ್ಟ್ಸ್ ಕಾಲೇಜಿನಲ್ಲಿ 1632ರಲ್ಲಿ ಎಂ.ಎ. ಮುಗಿಸಿದ ಮೇಲೆ ಉದ್ಯೋಗ ಹಿಡಿಯದೆ ಐದಾರು ವರ್ಷ ತಂದೆಯ ಮನೆಯಲ್ಲಿ ಕುಳಿತು ಗ್ರೀಕ್, ಲ್ಯಾಟಿನ್ ಗ್ರಂಥಗಳನ್ನು ಓದಿದ. ನಮ್ಮ ಮನೆಗಳಲ್ಲಾಗಿದ್ದರೆ ಆ ತಂದೆಯನ್ನು ನೆಂಟರು ಎಷ್ಟು ಕಾಡುತ್ತಿದ್ದರೋ. 1638ರಲ್ಲಿ ಇಟಲಿಗೆ ಹೋದ. ಅಲ್ಲಿ ಧರ್ಮವಿಚಾರಣೆಯ ಬಂದಿಯಾಗಿದ್ದ ಮುದುಕ ಗೆಲಿಲಿಯೋನನ್ನು ಕಂಡೆನೆಂದು ಅವನೇ ಬರೆದಿದ್ದಾನೆ. ಗೆಲಿಲಿಯೋನ ದೃಷ್ಟಿಯೂ ಆ ಹೊತ್ತಿಗೆ ಹೋಗಿತ್ತು. ಮೂವತ್ತರ ತರುಣ ಮಿಲ್ಟನ್‌ಗೆ ಆ ಕುರುಡು ಮುದುಕನ ಮುಂದೆ ನಿಂತಾಗ ತನ್ನ ಮುಂದಿನ ಗತಿ ಹೊಳೆದಿರಲಾರದು. ಆದರೆ ಗೆಲಿಲಿಯೋನ ದೂರದರ್ಶಕ ಮಾತ್ರ ಮರೆಯಲಿಲ್ಲ. ಇಪ್ಪತ್ತೊಂಬತ್ತು ವರ್ಷಗಳ ಅನಂತರ ಹೊರಬಂದ ಮಹಾಕಾವ್ಯದಲ್ಲಿ ಸೈತಾನನ ಗುರಾಣಿಯನ್ನು ವರ್ಣಿಸುವಾಗ, ಆ ಗಾಜಿನಲ್ಲಿ ಕಂಡ ಚಂದ್ರಬಿಂಬವನ್ನೇ ಹೋಲಿಕೆಗೆ ತಂದ.

ನಡುವಿನ ಇಪ್ಪತ್ತು ವರ್ಷ ರಾಜಕಾರಣದ್ದು. ಅದನ್ನು ನಮ್ಮಲ್ಲಿನ ಬ್ಯಾಂಕಿನವರು ಒಂದು ಭಾನುವಾರವಿಡೀ ಹೇಳಿದರು. ಇಲ್ಲಿ ಅಷ್ಟು ಬೇಡ. ಅರಸನಿಗೂ ಸಂಸತ್ತಿಗೂ ಯುದ್ಧ ನಡೆಯಿತು, 1649ರಲ್ಲಿ ಅರಸನ ತಲೆ ಹೋಯಿತು. ಮಿಲ್ಟನ್ ಗಣರಾಜ್ಯದ ಪಕ್ಷ ಹಿಡಿದು ಅದರ ಪರಭಾಷಾ ಕಾರ್ಯದರ್ಶಿಯಾದ. ಮುದ್ರಣಕ್ಕೆ ಮುನ್ನ ಸರ್ಕಾರದ ಅಪ್ಪಣೆ ಬೇಕೆಂಬ ಕಟ್ಟಳೆಯ ವಿರುದ್ಧ 1644ರಲ್ಲಿ 'ಅರಿಯೊಪಜಿಟಿಕ' ಬರೆದವನೂ ಅವನೇ, ಏಳು ವರ್ಷದ ಬಳಿಕ ಸರ್ಕಾರದ ಪರವಾಗಿ ಪತ್ರಿಕೆಯೊಂದರ ಮೇಲ್ವಿಚಾರಣೆ ವಹಿಸಿಕೊಂಡವನೂ ಅವನೇ. ವಿವಾಹವಾಗಿ ತಿಂಗಳೆರಡು ತಿಂಗಳಲ್ಲಿ ಹೆಂಡತಿ ತವರಿಗೆ ಹೋಗಿ ಮೂರು ವರ್ಷ ಬಾರದೆ ಇದ್ದಾಗ, ವಿಚ್ಛೇದನವನ್ನು ಸಮರ್ಥಿಸಿ ಒಂದಾದ ಮೇಲೊಂದು ಪುಸ್ತಿಕೆ ಬರೆದ. ನಮ್ಮ ಕೂಟದ ಗೃಹಿಣಿಯರೊಬ್ಬರು, "ಅವನು ಬರೆದದ್ದು ಸರಿಯೇ ಇರಬಹುದು. ಆದರೆ ಅವಳು ಏಕೆ ಹೋದಳೆಂದು ಅವಳಿಂದ ಯಾರೂ ಬರೆಸಲಿಲ್ಲ" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಗಣರಾಜ್ಯದ ಸಮರ್ಥನೆಯ ಗ್ರಂಥವನ್ನು ಬರೆಯತೊಡಗಿದಾಗ, ಬರೆದರೆ ಉಳಿದ ಕಣ್ಣೂ ಹೋಗುವುದೆಂದು ವೈದ್ಯರು ಎಚ್ಚರಿಸಿದ್ದರು. ತಿಳಿದೇ ಬರೆದೆನೆಂದು ಅವನು ಹೇಳಿಕೊಂಡಿದ್ದಾನೆ. ನಮ್ಮಲ್ಲಿ ಕೆಲವರಿಗೆ ಇದು ತ್ಯಾಗವಾಗಿ ಕಂಡಿತು, ಕೆಲವರಿಗೆ ಅಹಂಕಾರವಾಗಿ. 1652ರ ಹೊತ್ತಿಗೆ, ನಲವತ್ತಮೂರನೆಯ ವಯಸ್ಸಿನಲ್ಲಿ, ಅವನು ಪೂರ್ಣ ಕುರುಡನಾಗಿದ್ದ. ಅದೇ ವರ್ಷ ಮೂರನೆಯ ಮಗಳು ಡೆಬೋರಾ ಹುಟ್ಟಿದಳು, ಕೆಲವೇ ದಿನಗಳಲ್ಲಿ ಹೆಂಡತಿ ಮೇರಿ ತೀರಿಕೊಂಡಳು. ಸ್ವಲ್ಪ ಸಮಯದಲ್ಲೇ ಒಬ್ಬನೇ ಮಗನೂ ಹೋದ. 1656ರಲ್ಲಿ ಕ್ಯಾಥರೀನಳನ್ನು ಮದುವೆಯಾದ. ಅವಳೂ ಹದಿನೈದು ತಿಂಗಳಲ್ಲಿ ತೀರಿಕೊಂಡಳು. ಕನಸಿನಲ್ಲಿ ಬಂದ ಮಡದಿಯನ್ನು ಕುರಿತ ಅವನ ಸಾನೆಟ್ ಒಂದಿದೆ. ಅದರಲ್ಲಿ ಅವಳ ಮುಖಕ್ಕೆ ಮುಸುಕಿದೆ. ಅದು ಕ್ಯಾಥರೀನಳೇ ಆಗಿದ್ದರೆ ಆ ಮುಸುಕಿಗೆ ಕಾರಣ ಸ್ಪಷ್ಟ: ಕಣ್ಣಿರುವಾಗ ಅವನು ಅವಳನ್ನು ನೋಡಿರಲಿಲ್ಲ. ಕನಸಿನಲ್ಲಿ ಕಾಣುವ ದೃಷ್ಟಿ ಎಚ್ಚರವಾದೊಡನೆ ಇಲ್ಲವಾಗುತ್ತದೆ, ಬೆಳಗೇ ಅವನಿಗೆ ಇರುಳಾಗುತ್ತದೆ. ಇದನ್ನು ವಿವರಿಸುತ್ತಿರುವಾಗ ಹುಡುಗಿ ಬಾಗಿಲ ಬಳಿಯಿಂದ, "ಅಜ್ಜ, ನಿನ್ನ ಕನಸಿನಲ್ಲಿ ನಾನು ಬರುತ್ತೇನೆಯೇ?" ಎಂದಳು. "ಬರುತ್ತೀ. ಆದರೆ ಎರಡನೆಯ ತರಗತಿಯ ಸಮವಸ್ತ್ರದಲ್ಲೇ ಬರುತ್ತೀ" ಎಂದರು ಮೇಷ್ಟ್ರು. ಈಗ ಆಕೆ ಎಂಟನೆಯ ತರಗತಿ.

1660ರಲ್ಲಿ ಅರಸೊತ್ತಿಗೆ ಮರಳಿದಾಗ ಮಿಲ್ಟನ್ ಗೆಳೆಯನ ಮನೆಯಲ್ಲಿ ಅಡಗಿದ. ಅವನ ಪುಸ್ತಕಗಳನ್ನು ಸರ್ಕಾರಿ ಕೊಲೆಗಡುಕನ ಕೈಯಲ್ಲಿ ಸುಡಿಸಿದರು. ಕೆಲವು ವಾರ ಸೆರೆಯಲ್ಲಿಟ್ಟು ಬಿಟ್ಟರು. ಕವಿ ಆಂಡ್ರ್ಯೂ ಮಾರ್ವೆಲ್ ಸಂಸತ್ತಿನಲ್ಲಿ ಅವನ ಪರವಾಗಿ ನಿಂತ. ಹೀಗೆ ಪಕ್ಷ ಸೋತು, ಕಣ್ಣು ಹೋಗಿ, ಹಣದ ಬಹುಪಾಲು ಕರಗಿದ ಮೇಲೆ 'ಪ್ಯಾರಡೈಸ್ ಲಾಸ್ಟ್' ಪೂರ್ಣವಾಯಿತು. ಅದು ಹತ್ತು ಸಾವಿರದ ಐನೂರಕ್ಕೂ ಮಿಕ್ಕ ಸಾಲುಗಳ ಕಾವ್ಯ. ಒಂದೊಂದು ಸಾಲೂ ಕತ್ತಲೆಯಲ್ಲಿ ಹುಟ್ಟಿ, ಇನ್ನೊಬ್ಬರ ಕೈಯಿಂದ ಕಾಗದಕ್ಕೆ ಇಳಿದದ್ದು.

ಈ ಬರವಣಿಗೆಯ ಕ್ರಮವನ್ನು ಮೇಷ್ಟ್ರು ಎರಡೆರಡು ಸಲ ಓದಿಸಿಕೊಂಡರು. ಮಿಲ್ಟನ್‌ಗೆ ಕಾವ್ಯ ಒದಗುತ್ತಿದ್ದುದು ಶರತ್ಕಾಲದಿಂದ ವಸಂತದವರೆಗೆ ಮಾತ್ರವೆಂದು ಅವನ ಸೋದರಳಿಯ ಎಡ್ವರ್ಡ್ ಫಿಲಿಪ್ಸ್ ಬರೆದಿದ್ದಾನೆ. ರಾತ್ರಿ ಮನಸ್ಸಿನಲ್ಲಿ ಕಟ್ಟಿಕೊಂಡ ಸಾಲುಗಳನ್ನು ಬೆಳಗ್ಗೆ ಯಾರು ಹತ್ತಿರವಿದ್ದರೆ ಅವರಿಂದ ಬರೆಸುವುದು. ನಲವತ್ತು ಹೇಳಿ ಅವನ್ನು ಅರ್ಧಕ್ಕೆ ಇಳಿಸುವುದು. ಬರೆದುಕೊಳ್ಳುವವನು ಬರುವುದು ತಡವಾದರೆ, ನನ್ನನ್ನು ಯಾರಾದರೂ ಬಂದು ಕರೆಯಬೇಕಲ್ಲ ಎಂದು ಗೊಣಗುತ್ತಿದ್ದನಂತೆ. ಇಲ್ಲಿ ಕರೆಯುವುದೆಂದರೆ ಕೂಗುವುದಲ್ಲ, ಹಾಲು ಕರೆಯುವುದು. ಕೆಚ್ಚಲು ತುಂಬಿ ಅಂಬಾ ಎನ್ನುವ ಹಸುವಿನ ಸಂಕಟ ಅದು. ಹಳ್ಳಿಯಲ್ಲಿ ಬೆಳೆದ ನಮ್ಮಲ್ಲಿ ಇಬ್ಬರಿಗೆ ಈ ಒಂದು ಮಾತಿನಿಂದಲೇ ಮಿಲ್ಟನ್ ಹತ್ತಿರದವನಾದ.

ಗದುಗಿನ ವೀರನಾರಾಯಣನ ಗುಡಿಯಲ್ಲಿ ಒದ್ದೆಬಟ್ಟೆಯುಟ್ಟು, ಅದು ಆರುವವರೆಗೆ ಕುಮಾರವ್ಯಾಸ ಕಾವ್ಯ ಹೇಳುತ್ತಿದ್ದನೆಂಬ ಐತಿಹ್ಯವನ್ನು ಮೇಷ್ಟ್ರು ಇದರ ಪಕ್ಕದಲ್ಲಿಟ್ಟರು. ಬಟ್ಟೆ ಆರುವುದೂ ಋತು ಕಳೆಯುವುದೂ ಒಂದೇ ಬಗೆಯ ಗಡುವು ಎಂಬುದು ಅವರ ಮತ. ನಮಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ. ಮಿಲ್ಟನ್ ಕಿವಿಯ ಕವಿ. ಕಾಲೇಜಿನಲ್ಲಿ ಟಿಪ್ಪಣಿಗಳ ನಡುವೆ ಕಣ್ಣಿನಿಂದ ಓದಿದಾಗ ನಮಗೆ ಅವನು ಕಬ್ಬಿಣದ ಕಡಲೆಯಾಗಿದ್ದ. ಮೇಷ್ಟ್ರ ಮನೆಯಲ್ಲಿ ಗಮಕದ ಹಾಗೆ ಒಬ್ಬರು ವಾಚನ ಮಾಡಿ, ಒಬ್ಬರು ವ್ಯಾಖ್ಯಾನ ಮಾಡಿದಾಗ, ಹದಿನಾರು ಸಾಲು ಓಡುವ ಅವನ ವಾಕ್ಯಕ್ಕೆ ಎಲ್ಲಿ ಉಸಿರು ಎಂಬುದು ತಾನಾಗಿ ತಿಳಿಯಿತು. ನಮ್ಮ ಉಚ್ಚಾರಣೆಯ ವಿಷಯ ಹೇಳದಿರುವುದೇ ಒಳ್ಳೆಯದು. ಸಾಲಿಗೆ ಎರಡು ಸಲ ಮೇಷ್ಟ್ರು ತಿದ್ದುತ್ತಿದ್ದರು.

ಆ ವಾಕ್ಯ ಹಾಗೆ ಓಡಲು ಕಾರಣ ಅವನು ಪ್ರಾಸವನ್ನು ಬಿಟ್ಟದ್ದು. ಕಾವ್ಯ ಪ್ರಕಟವಾದಾಗ ಓದುಗರು, ಇದರಲ್ಲಿ ಪ್ರಾಸವೇಕಿಲ್ಲ ಎಂದು ಕೇಳಿದರು. ಮುದ್ರಕನ ಒತ್ತಾಯಕ್ಕೆ 1668ರಲ್ಲಿ ಮಿಲ್ಟನ್ ಒಂದು ಟಿಪ್ಪಣಿ ಸೇರಿಸಿದ: ಅಂತ್ಯಪ್ರಾಸ ಅನಾಗರಿಕ ಯುಗದ ಸೃಷ್ಟಿ, ತಾನು ಅದನ್ನು ಕಳಚಿ ಪ್ರಾಚೀನರ ಸ್ವಾತಂತ್ರ್ಯವನ್ನು ಮರಳಿ ತಂದಿದ್ದೇನೆ ಎಂದು. ಅರಸನ ತಲೆಗೆ ಸಮ್ಮತಿ ಕೊಟ್ಟವನು ಪ್ರಾಸದ ವಿಷಯದಲ್ಲೂ ಅದೇ ಧ್ವನಿಯಲ್ಲಿ ಮಾತನಾಡಿದ್ದಾನೆ.

ಇದನ್ನು ಕೇಳಿದಾಗ ಕನ್ನಡಿಗರಾದ ನಮಗೆ ಮಂಜೇಶ್ವರದ ಗೋವಿಂದ ಪೈಗಳು ನೆನಪಾಗದಿರುವುದು ಸಾಧ್ಯವಿಲ್ಲ. 1911ರಲ್ಲಿ ಅವರು ಆದಿಪ್ರಾಸವನ್ನು, ಎಂದರೆ ಪ್ರತಿ ಪಾದದ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಸಾವಿರ ವರ್ಷದ ಕಟ್ಟನ್ನು ಬಿಟ್ಟರು. ಆಗ ಎದ್ದ ವಿವಾದ ಸಣ್ಣದಲ್ಲ. ಎರಡು ಪ್ರಾಸಗಳೂ ಒಂದೇ ಅಲ್ಲ: ಇಂಗ್ಲಿಷಿನದು ಸಾಲಿನ ಬಾಲಕ್ಕೆ ಕಟ್ಟಿದ ಗಂಟೆ, ನಮ್ಮದು ಸಾಲಿನ ಕೊರಳಿಗೆ ಕಟ್ಟಿದ್ದು. ಆದರೆ ಬಿಟ್ಟಾಗ ಆಗುವ ಬಿಡುಗಡೆ ಒಂದೇ. ಅರ್ಥ ಸಾಲಿನ ಅಂಚಿನಲ್ಲಿ ನಿಲ್ಲಬೇಕಾಗಿಲ್ಲ. ಆಮೇಲೆ ಲಲಿತ ರಗಳೆಯ ಐದು ಮಾತ್ರೆಗಳ ನಾಲ್ಕು ಗಣಗಳು ಪ್ರಾಸ ಕಳೆದುಕೊಂಡು ಸರಳ ರಗಳೆಯಾದವು. ಅದೇ ಕುವೆಂಪು ಅವರ ಕೈಯಲ್ಲಿ ಮಹಾಛಂದಸ್ಸಾಗಿ 22,000ಕ್ಕೂ ಹೆಚ್ಚು ಸಾಲು ಹರಿಯಿತು. ಬಂಗಾಳಿಯಲ್ಲಿ ಮೈಕೇಲ್ ಮಧುಸೂದನ ದತ್ತರು 1861ರಲ್ಲೇ 'ಮೇಘನಾದವಧ'ದಲ್ಲಿ ಈ ದಾರಿ ತುಳಿದಿದ್ದರು. ಹಾಗಾಗಿ ಹುಡುಗಿ ಓದಿದ ನಮಸ್ಕಾರದ ಪಟ್ಟಿಯಲ್ಲಿ ಮಿಲ್ಟನ್‌ನ ಹೆಸರಿರುವುದು ಬರಿಯ ಸೌಜನ್ಯವಲ್ಲ. ಆಕೆ ಆ ಹೆಸರನ್ನು ಓದಿದ ಸಾಲಿನ ನಡಿಗೆಯಲ್ಲೇ ಅವನ ಋಣ ಉಂಟು.

ಸೈತಾನನ ಬಗ್ಗೆ ಎರಡು ಭಾನುವಾರ ಹೋದವು. ಮಿಲ್ಟನ್ ತನಗೆ ತಿಳಿಯದೆಯೇ ಸೈತಾನನ ಪಕ್ಷದವನು ಎಂಬುದು ಕವಿ ಬ್ಲೇಕ್‌ನ ಪ್ರಸಿದ್ಧ ಅಭಿಪ್ರಾಯ. ನಮ್ಮಲ್ಲಿ ಮೂವರು ಅದರ ಪರ. ಮೇಷ್ಟ್ರು ಒಪ್ಪಲಿಲ್ಲ. "ರನ್ನನನ್ನು ಓದಿದವರಿಗೆ ಸೈತಾನ ಹೊಸಬನಲ್ಲ" ಎಂದರು. ಗದಾಯುದ್ಧದ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ನೀರಿನಾಳದಲ್ಲೂ ಭೀಮನ ಗರ್ಜನೆಗೆ ಅವನಿಗೆ ಬೆವರು ಒಡೆಯುತ್ತದೆ. ಸೈತಾನ ಬೆಂಕಿಯ ಸರೋವರದಲ್ಲಿ ಬಿದ್ದು ತಣ್ಣನೆಯ ಮಾತಿನಿಂದ ಪಡೆಯನ್ನು ಎಬ್ಬಿಸುತ್ತಾನೆ. ಒಬ್ಬನಿಗೆ ಹೊರಗೆ ನೀರು ಒಳಗೆ ಬೆಂಕಿ, ಇನ್ನೊಬ್ಬನಿಗೆ ಹೊರಗೇ ಬೆಂಕಿ. ಆದರೆ ಇಬ್ಬರ ದಾರಿ ಬೇರೆ. ಸೈತಾನ ಮೊದಲ ಎರಡು ಸರ್ಗಗಳಲ್ಲಿ ಆಕಾಶದೆತ್ತರ ನಿಂತು, ಆಮೇಲೆ ನೀರುಕಾಗೆಯಾಗಿ, ಕಪ್ಪೆಯಾಗಿ, ಹಾವಾಗಿ ಕುಗ್ಗುತ್ತ ಹೋಗುತ್ತಾನೆ. ಹತ್ತನೆಯ ಸರ್ಗದಲ್ಲಿ ಗೆದ್ದು ಬಂದೆನೆಂದು ಸಭೆಯಲ್ಲಿ ಹೇಳಿದಾಗ ಸಿಗುವುದು ಚಪ್ಪಾಳೆಯಲ್ಲ, ಬುಸುಗುಟ್ಟುವಿಕೆ. ದುರ್ಯೋಧನ ಸೋತಂತೆಲ್ಲ ಬೆಳೆಯುತ್ತಾನೆ. ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಯುತ್ತ ಶತ್ರುವಿನ ಮಗ ಅಭಿಮನ್ಯುವಿಗೂ ಅವನು ತಲೆಬಾಗುತ್ತಾನೆ. "ಮಿಲ್ಟನ್‌ಗೆ ವೈರಿಯ ಮೇಲೆ ಬೆರಗಿತ್ತು. ರನ್ನನಿಗೆ ವೈರಿಯ ಮೇಲೆ ಕರುಣೆಯಿತ್ತು" ಎಂಬುದು ಮೇಷ್ಟ್ರ ತೀರ್ಪು. ಇದು ಸ್ವಲ್ಪ ಪಕ್ಷಪಾತದ ತೀರ್ಪೆಂದು ನಮಗೆ ಈಗಲೂ ಅನ್ನಿಸುತ್ತದೆ. ತನ್ನ ಪಕ್ಷ ಸೋತ ಮೇಲೆ ಬರೆದ ಕವಿಗೆ ಬಿದ್ದವರ ಮೇಲೆ ಕರುಣೆ ಇರಲಿಲ್ಲವೆನ್ನುವುದು ಹೇಗೆ?

ಹಣದ ವಿಷಯವನ್ನು ಹೇಳಿಬಿಡುತ್ತೇವೆ. 1667ರ ಏಪ್ರಿಲ್ 27ರ ಕರಾರಿನ ಪ್ರಕಾರ ಮುದ್ರಕ ಸ್ಯಾಮ್ಯುಯೆಲ್ ಸಿಮನ್ಸ್ ಕೊಟ್ಟದ್ದು ಐದು ಪೌಂಡ್. 1,300 ಪ್ರತಿ ಮಾರಾಟವಾದ ಮೇಲೆ ಇನ್ನೈದು. 1674ರ ನವೆಂಬರಿನಲ್ಲಿ ಮಿಲ್ಟನ್ ತೀರಿಕೊಂಡ ಮೇಲೆ, 1680ರಲ್ಲಿ, ಮೂರನೆಯ ಹೆಂಡತಿ ಎಲಿಜಬೆತ್ ಎಂಟು ಪೌಂಡಿಗೆ ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟಳು. ಒಟ್ಟು ಹದಿನೆಂಟು. ತಮ್ಮ ಕವನಸಂಕಲನವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ನಮ್ಮ ಸದಸ್ಯರೊಬ್ಬರು, "ಕೊಟ್ಟರಲ್ಲ!" ಎಂದರು.

ಇನ್ನು ಹೆಣ್ಣುಮಕ್ಕಳ ಕಥೆ. ಇದನ್ನು ಹುಡುಗಿ ಮನೆಯಲ್ಲಿಲ್ಲದ ದಿನ ಓದಬೇಕೆಂದುಕೊಂಡಿದ್ದೆವು. ಅಂದು ಅವಳ ಟ್ಯೂಷನ್ ರದ್ದಾಯಿತು.

ಹಿರಿಯವಳು ಆನ್. ಅವಳಿಗೆ ಮಾತು ತೊದಲುತ್ತಿದ್ದುದರಿಂದ ಓದುವ ಕೆಲಸದಿಂದ ವಿನಾಯಿತಿ ಸಿಕ್ಕಿತು. ಮೇರಿ ಮತ್ತು ಡೆಬೋರಾ ತಂದೆಗೆ ಹೀಬ್ರೂ, ಗ್ರೀಕ್, ಲ್ಯಾಟಿನ್, ಇಟಾಲಿಯನ್, ಸ್ಪ್ಯಾನಿಷ್, ಫ್ರೆಂಚ್ ಪುಸ್ತಕಗಳನ್ನು ಓದಿ ಹೇಳಬೇಕಾಗಿತ್ತು. ಉಚ್ಚಾರಣೆಯನ್ನು ತಂದೆ ಕಲಿಸಿದ. ಅರ್ಥವನ್ನು ಕಲಿಸಲಿಲ್ಲ. ಹೆಣ್ಣಿಗೆ ಒಂದು ನಾಲಗೆ ಸಾಕು ಎಂದು ಚೇಷ್ಟೆ ಮಾಡುತ್ತಿದ್ದನಂತೆ. ಇಂಗ್ಲಿಷಿನಲ್ಲಿ ನಾಲಗೆ ಎಂದರೆ ಭಾಷೆಯೂ ಹೌದು. ಗಂಟೆಗಟ್ಟಲೆ, ವರ್ಷಗಟ್ಟಲೆ, ತಮಗೆ ಬರಿಯ ಸದ್ದಾದದ್ದನ್ನು ಆ ಹುಡುಗಿಯರು ಓದಿದರು. ಫಿಲಿಪ್ಸ್ ಇದನ್ನು ಸಹನೆಯ ಅಗ್ನಿಪರೀಕ್ಷೆ ಎಂಬಂತೆ ವರ್ಣಿಸಿದ್ದಾನೆ. ತಂದೆ ಮತ್ತೆ ಮದುವೆಯಾಗುತ್ತಾನೆಂದು ಕೇಳಿದಾಗ ಮೇರಿ, ಅದೇನು ಸುದ್ದಿ, ಅವನು ಸತ್ತನೆಂದು ಕೇಳಿದ್ದರೆ ಅದು ಸುದ್ದಿ ಎಂದಳಂತೆ. ಮಕ್ಕಳು ಅವನ ಪುಸ್ತಕಗಳನ್ನು ಕದ್ದು ಗುಜರಿಗೆ ಮಾರಿದರೆಂಬ ದೂರೂ ಇತ್ತು. ಇವೆರಡನ್ನೂ ಮನೆಕೆಲಸದವಳು ಉಯಿಲಿನ ವ್ಯಾಜ್ಯದಲ್ಲಿ ನ್ಯಾಯಾಲಯದ ಮುಂದೆ ಹೇಳಿದಳು.

ಓದಿ ಮುಗಿಸಿದಾಗ ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ನಾಲ್ಕು ವರ್ಷಗಳಿಂದ ಮೇಷ್ಟ್ರ ಮೊಮ್ಮಗಳು ದಿನಕ್ಕೆ ಅರ್ಧ ಗಂಟೆ ಅವರಿಗೆ ಕನ್ನಡ ಓದಿ ಹೇಳುತ್ತಾಳೆ. ಅಕ್ಷರಗಳನ್ನು ಅವರು ಕಣ್ಣಿದ್ದಾಗಲೇ ಕಲಿಸಿದ್ದರು. ಶಾಲೆ ಇಂಗ್ಲಿಷಿನದು, ಬೀದಿ ಮರಾಠಿಯದು ಮತ್ತು ಹಿಂದಿಯದು. ಮನೆಯ ಕನ್ನಡ 'ಊಟಕ್ಕೆ ಬಾ, ಬಾಗಿಲು ಹಾಕು' ಎಂಬಷ್ಟರದು. ಆ ಕನ್ನಡದಿಂದ ರಾಮಾಯಣ ದರ್ಶನದ ಕನ್ನಡಕ್ಕೆ ಇರುವ ದೂರ ಡೆಬೋರಾಳ ಇಂಗ್ಲಿಷಿನಿಂದ ಗ್ರೀಕಿಗಿರುವಷ್ಟಿಲ್ಲದಿರಬಹುದು. ಆದರೆ ಆ ಮಗುವಿಗೆ ಅದು ಅಳತೆಗೆ ಸಿಗುವ ದೂರವಲ್ಲ. ಇಷ್ಟು ದಿನ ನಾವು ಆ ಓದನ್ನು ಕೇಳಿ, ಮುಂದಿನ ಪೀಳಿಗೆಯಲ್ಲಿ ಕನ್ನಡ ಉಳಿಯುತ್ತಿದೆ ಎಂದು ತಲೆದೂಗಿದ್ದೆವು. ಫೋಟೋ ತೆಗೆದು ಹಂಚಿಕೊಂಡಿದ್ದೆವು. ಕಾಮನಬಿಲ್ಲಿಗೆ ತಲೆದೂಗಿದವರು ನಾವೇ ಅಲ್ಲವೇ?

ಕೆಳಗಿನ ಅಂಗಡಿಯ ಸಿಂಧಿ ಮುದುಕರೊಬ್ಬರು ಒಮ್ಮೆ ನಮಗೆ ತಮ್ಮ ತಂದೆಯ ಲೆಕ್ಕದ ಪುಸ್ತಕ ತೋರಿಸಿದ್ದರು. ವಿಭಜನೆಯ ಕಾಲದಲ್ಲಿ ಕಟ್ಟಿಕೊಂಡು ಬಂದ ಗಂಟಿನಲ್ಲಿ ಉಳಿದಿದ್ದ ವಸ್ತು. ಅರಬ್ಬಿ ಮೂಲದ ಆ ಸಿಂಧಿ ಲಿಪಿಯನ್ನು ಅವರ ಮನೆಯಲ್ಲಿ ಈಗ ಓದಬಲ್ಲವರಿಲ್ಲ. ಭಾಷೆ ಬರುತ್ತದೆ, ಲಿಪಿ ಬರುವುದಿಲ್ಲ. ಈ ಹುಡುಗಿಯದು ಅದರ ತಿರುವುಮುರುವು: ಲಿಪಿ ಬರುತ್ತದೆ, ಭಾಷೆ ಬರುವುದಿಲ್ಲ. ಯಾವುದು ಹೆಚ್ಚಿನ ನಷ್ಟವೆಂದು ನಾವು ರೈಲಿನಲ್ಲಿ ಮರಳುವಾಗ ವಾದಿಸಿದ್ದೇವೆ, ಇತ್ಯರ್ಥವಾಗಿಲ್ಲ.

ಮೌನ ಮುರಿದವಳು ಹುಡುಗಿಯೇ. "ಆಮೇಲೆ ಡೆಬೋರಾ ಏನಾದಳು?"

ಅದನ್ನೂ ಓದಿಕೊಂಡಿದ್ದೆವು. ಡೆಬೋರಾ ಮನೆ ಬಿಟ್ಟು ಹೋಗಿ ಒಬ್ಬ ನೇಕಾರನನ್ನು ಮದುವೆಯಾಗಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಬಡತನದಲ್ಲಿ ಬಾಳಿದಳು. ಮಿಲ್ಟನ್‌ನ ಕೀರ್ತಿ ಬೆಳೆದ ಮೇಲೆ ಜನ ಅವಳನ್ನು ನೋಡಲು ಬರತೊಡಗಿದರು. ತಂದೆಯ ಚಿತ್ರವೊಂದನ್ನು ತೋರಿಸಿದಾಗ ಗುರುತಿಸಿ ಉದ್ವೇಗಗೊಂಡಳಂತೆ. ಮುದುಕಿಯಾದರೂ ಅವಳಿಗೆ ಹೋಮರನ, ಓವಿಡ್‌ನ, ಯೂರಿಪಿಡಿಸ್‌ನ ಸಾಲುಗಳು ಬಾಯಿಗೆ ಬರುತ್ತಿದ್ದವು. ಬಾಲ್ಯದಲ್ಲಿ ಓದಿ ಓದಿ ನಾಲಗೆಗೆ ಹತ್ತಿದ ಸಾಲುಗಳು ಅವು. ಡಾಕ್ಟರ್ ಜಾನ್ಸನ್ ಇದನ್ನು ದಾಖಲಿಸಿದ್ದಾನೆ. ಅವಳ ಮಗಳು ಚಿಲ್ಲರೆ ಅಂಗಡಿ ಇಟ್ಟುಕೊಂಡಿದ್ದಳು. ಅವಳ ಸಹಾಯಾರ್ಥ 1750ರಲ್ಲಿ ಮಿಲ್ಟನ್‌ನ 'ಕೋಮಸ್' ನಾಟಕವಾಡಿದರು, ಅದಕ್ಕೆ ಪೀಠಿಕೆಯ ಪದ್ಯವನ್ನು ಜಾನ್ಸನ್ನೇ ಬರೆದುಕೊಟ್ಟ.

"ಅರ್ಥ ಗೊತ್ತಿಲ್ಲದೆಯೇ ನೆನಪಿತ್ತೇ?" ಎಂದು ಹುಡುಗಿ ಕೇಳಿದಳು. ಹೌದೆಂದೆವು. ಆಕೆ ಸ್ವಲ್ಪ ಯೋಚಿಸಿ, "ನನಗೆ ಅರ್ಥ ಹೇಳಿದರೆ ಓದುತ್ತೇನೆ, ಇಲ್ಲದಿದ್ದರೆ ಇಲ್ಲ" ಎಂದಳು. ಮರಾಠಿಯಲ್ಲಿ ಹೇಳಿದಳು. ಮೇಷ್ಟ್ರು ಮುಖ ತಿರುಗಿಸಿ ಕುಳಿತರು. ನಮಗೆ ಅವರ ಮೇಲೆ ಮರುಕ ಹುಟ್ಟಿತು, ಹುಡುಗಿಯ ಮೇಲೆ ಅಭಿಮಾನ ಹುಟ್ಟಿತು. ಎರಡನ್ನೂ ತೋರಿಸಿಕೊಳ್ಳದೆ ಚಹ ಕುಡಿದು ಎದ್ದೆವು. ಎರಡು ವಾರ ಆ ಮನೆಯಲ್ಲಿ ಓದು ನಡೆಯಲಿಲ್ಲವೆಂದು ಆಮೇಲೆ ತಿಳಿಯಿತು. ಮೂರನೆಯ ವಾರ ಮೇಷ್ಟ್ರೇ ಫೋನ್ ಮಾಡಿ, "ಯಾರಾದರೂ ಒಂದು ನಿಘಂಟು ತನ್ನಿ" ಎಂದರು.

ಈಗ ದಿನಕ್ಕೆ ಹತ್ತು ಸಾಲು. ಮೊದಲು ನೂರು ಸಾಗುತ್ತಿತ್ತು. ಒಂದೊಂದು ಪದಕ್ಕೂ ಆಕೆ ನಿಲ್ಲುತ್ತಾಳೆ, ಮೇಷ್ಟ್ರು ಕೆಲವೊಮ್ಮೆ ಮರಾಠಿಯಲ್ಲಿ, ಕೆಲವೊಮ್ಮೆ ಇಂಗ್ಲಿಷಿನಲ್ಲಿ ಹೇಳುತ್ತಾರೆ, ತಾಳ್ಮೆ ತಪ್ಪಿದಾಗ ಗದಗಿನ ಕನ್ನಡದಲ್ಲಿ. 'ಮೇಣ್' ಎಂದರೆ 'ಮತ್ತು' ಎಂದು ತಿಳಿದ ದಿನ ಆಕೆ ಎಷ್ಟು ನಕ್ಕಳೆಂದರೆ ನೆರೆಮನೆಯವರು ಬಂದು ವಿಚಾರಿಸಿದರು.

ಕಳೆದ ನಾಲ್ಕನೆಯ ಭಾನುವಾರ ನಾವು ಹೋದಾಗ ಮಂಥರೆಯ ಭಾಗ ನಡೆಯುತ್ತಿತ್ತು. ಸಂಜೆ ಏಳರ ಹೊತ್ತಿಗೆ ವಿದ್ಯುತ್ ಹೋಯಿತು. ಕತ್ತಲೆಯಲ್ಲಿ ಪುಸ್ತಕ ನಿಂತಿತು. ಏನಾಯಿತೆಂದು ತಿಳಿಯದ ಮೇಷ್ಟ್ರು, "ಏಕೆ ನಿಲ್ಲಿಸಿದೆ?" ಎಂದರು. ದೀಪ ಹೋಯಿತೆಂದೆವು. "ಓ, ನಿಮಗೆಲ್ಲ ದೀಪ ಬೇಕು" ಎಂದು, ಬಿಟ್ಟಲ್ಲಿಂದ ತಾವೇ ನೆನಪಿನಿಂದ ಹೇಳತೊಡಗಿದರು. ಏಳೆಂಟು ಸಾಲು ಸಾಗಿತು. ಒಂದೆಡೆ ತಡವರಿಸಿದರು, ಸಾಲಿನ ಮೊದಲ ಗಣ ಬಂತು, ಮುಂದಿನದು ಬರಲಿಲ್ಲ. ಕತ್ತಲೆಯಿಂದ ಹುಡುಗಿಯ ದನಿ ಉಳಿದ ಮೂರು ಗಣಗಳನ್ನು ಹೇಳಿತು. ನಾಲ್ಕು ವರ್ಷದ ಹಿಂದೆ ಒಮ್ಮೆ, ಅರ್ಥವಿಲ್ಲದೆ, ಓದಿ ಮುಗಿಸಿದ್ದ ಭಾಗ ಅದು.

"ಅದಲ್ಲ. ಅಲ್ಲಿ ಮೇಣ್ ಇದೆ" ಎಂದರು ಮೇಷ್ಟ್ರು.

"ಇಲ್ಲ ಅಜ್ಜ. ಮೇಣ್ ಇಲ್ಲ."

ಇಬ್ಬರೂ ಪಟ್ಟು ಬಿಡಲಿಲ್ಲ. ನಮ್ಮಲ್ಲೊಬ್ಬರು ಫೋನಿನ ಬೆಳಕು ಹಿಡಿದರು, ಇನ್ನೊಬ್ಬರು ಪುಟ ಹುಡುಕಿದರು. ಹುಡುಗಿ ಹೇಳಿದ್ದೇ ಸರಿಯಿತ್ತು. ಮೇಷ್ಟ್ರಿಗೆ ಹೇಳಿದೆವು. ಅವರು ಒಪ್ಪಲಿಲ್ಲ, ಮುದ್ರಣದೋಷವಿರಬೇಕು, ಮೊದಲ ಆವೃತ್ತಿ ಸಿಗುವುದೇ ನೋಡಿ ಎಂದರು.